ಫೋನಿಗೆ ಅಂಟಿಸಿದ ಕೆಂಪು ಬೊಟ್ಟು



ನಾನು ಕೊಪ್ಪದವನು. ಮಲೆನಾಡಿನ ಕೊಪ್ಪ ಅಲ್ಲ, ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿದವರೆಲ್ಲ ನಮ್ಮೂರು ದಾಟಿಕೊಂಡೇ ಹೋಗಿರುತ್ತೀರಿ. ಬೈಲಕುಪ್ಪೆ ಕಳೆಯುತ್ತದೆ. ಆಮೇಲೆ ನಾವು. ಆಮೇಲೆ ಕಾವೇರಿಯ ಸೇತುವೆ. ಸೇತುವೆಯ ಆಚೆ ಕುಶಾಲನಗರ, ಕೊಡಗು.

ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿರುವುದು ಫೋನಿನ ಒಳಗಿನ ಒಂದು ವಿಷಯ. ಸಾಮಾಜಿಕ ಜಾಲತಾಣಗಳು ಆಗಾಗ ತಮ್ಮ ರೂಪ ಬದಲಾಯಿಸುತ್ತವೆ. ನಿನ್ನೆ ರಾತ್ರಿ ಒಂದು ಥರ ಇದ್ದದ್ದು ಬೆಳಗಾಗುವಷ್ಟರಲ್ಲಿ ಇನ್ನೊಂದು ಥರ ಆಗಿರುತ್ತದೆ. ಬಣ್ಣ ಬೇರೆ. ಗುಂಡಿ ಇದ್ದ ಜಾಗ ಬೇರೆ. ಆಗ ಜನ ಏನು ಮಾಡುತ್ತಾರೆ? ಏನು ಅನ್ನುತ್ತಾರೆ? ಅದರಲ್ಲಿ ಯಾರ ಮಾತು ಕೇಳಿಸುತ್ತದೆ, ಯಾರದು ಕೇಳಿಸುವುದಿಲ್ಲ? ಇಷ್ಟೇ ನನ್ನ ವಿಷಯ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ವಯಸ್ಸು ಅರವತ್ತೈದರ ಆಸುಪಾಸು. ಓದು ಬರಹ ಬರುವುದಿಲ್ಲ. ಮಗಳು ಬೆಂಗಳೂರಿನಲ್ಲಿದ್ದಾಳೆ. ಆ ಮಗಳಿಗೆ ನಾಲ್ಕು ವರ್ಷದ ಹೆಣ್ಣುಮಗು. ಮಗುವಿನ ಫೋಟೋ, ಮಗು ಮಾತಾಡುವ ವಿಡಿಯೋ, ಎಲ್ಲವನ್ನೂ ಮಗಳು ಒಂದು ಜಾಲತಾಣಕ್ಕೆ ಹಾಕುತ್ತಾಳೆ. ಯಾವ ಜಾಲತಾಣ ಅನ್ನುವುದು ಬೇಡ. ಅಜ್ಜಿಗೂ ಅದರ ಹೆಸರು ಗೊತ್ತಿಲ್ಲ. ಅವರ ಬಾಯಲ್ಲಿ ಅದು ‘ಮಗ ಬರೋದು’. ನಮ್ಮ ಕಡೆ ಹೆಣ್ಣುಮಗುವನ್ನೂ ಮಗ ಅಂತಲೇ ಕರೆಯುತ್ತೇವೆ, ನಿಮಗೆ ಗೊತ್ತಿರುತ್ತದೆ.

ರಾತ್ರಿ ಊಟ ಆದ ಮೇಲೆ ಅಜ್ಜಿ ಜಗಲಿಯ ಮೇಲೆ ಕೂತು ಮಗುವನ್ನು ನೋಡುತ್ತಾರೆ. ಒಂದೇ ವಿಡಿಯೋವನ್ನು ಹತ್ತು ಸಲ ನೋಡುತ್ತಾರೆ. ನೋಡಿ ಮುಗಿದ ಮೇಲೆ ಕೆಂಪು ಹೃದಯದ ಚಿತ್ರ ಒತ್ತುತ್ತಾರೆ. ಅಜ್ಜಿ ನೋಡಿದರು ಅಂತ ಬೆಂಗಳೂರಿನಲ್ಲಿ ಮಗಳಿಗೆ ಗೊತ್ತಾಗುತ್ತದೆ. ಕಾಗದ ಬರೆದ ಹಾಗೆ ಅದು.

ಓದಲು ಬಾರದವರು ಅಷ್ಟನ್ನು ಹೇಗೆ ಮಾಡುತ್ತಾರೆ? ಇಲ್ಲಿ ಕೊಂಚ ಗಮನ ಕೊಟ್ಟು ಕೇಳಿ. ಕಣ್ಣಿಗೆ ಕಾಣುವುದನ್ನು ನಾನು ಬಾಯಲ್ಲಿ ಹೇಳಬೇಕು. ಫೋನಿನ ಗಾಜಿನ ಮೇಲೆ, ತೀರಾ ತಳದಲ್ಲಿ, ಒಂದು ಸಾಲು ಇದೆ. ಸಾಲಿನಲ್ಲಿ ಐದು ಪುಟ್ಟ ಚಿತ್ರ. ಎಡದಿಂದ ಮೊದಲನೆಯದು ಮನೆ. ಎರಡನೆಯದು ಎರಡು ತಲೆ, ಒತ್ತಿ ನಿಂತ ಗೊಂಬೆಗಳ ಹಾಗೆ. ಆ ಎರಡು ತಲೆಯನ್ನು ಒತ್ತಿದರೆ ನಮ್ಮ ಪರಿಚಯದವರು ಹಾಕಿದ್ದು ಮಾತ್ರ ಬರುತ್ತಿತ್ತು. ಅಜ್ಜಿಯ ಪರಿಚಯದವರು ಅಂದರೆ ಮಗಳೊಬ್ಬಳೇ. ಹಾಗಾಗಿ ಎರಡು ತಲೆ ಒತ್ತಿದರೆ ಮಗು ಬರುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬಳು ಹುಡುಗಿ. ಕುಶಾಲನಗರಕ್ಕೆ ಕಾಲೇಜಿಗೆ ಹೋಗುತ್ತಾಳೆ. ಅಜ್ಜಿಗೆ ಇದನ್ನೆಲ್ಲ ಹೇಳಿಕೊಟ್ಟವಳು ಅವಳೇ. ಕನ್ನಡಕ ಇಲ್ಲದಾಗ ಅಜ್ಜಿಗೆ ಆ ಚಿತ್ರ ಸರಿಯಾಗಿ ಕಾಣುತ್ತಿರಲಿಲ್ಲ. ಹುಡುಗಿ ತನ್ನ ಹಣೆಯಿಂದ ಸ್ಟಿಕ್ಕರ್ ಬೊಟ್ಟು ತೆಗೆದಳು. ಫೋನಿಗೆ ಹಾಕಿದ್ದ ಕವರಿನ ಕೆಳಗಿನ ಅಂಚಿನಲ್ಲಿ, ಎರಡು ತಲೆಯ ನೇರಕ್ಕೆ, ಅದನ್ನು ಅಂಟಿಸಿದಳು. ಬೊಟ್ಟಿನ ಮೇಲುಗಡೆ ಒತ್ತಜ್ಜಿ, ಮಗ ಬತ್ತದೆ, ಅಂದಳು. ಅಷ್ಟು ಸಾಕಾಯಿತು. ಕತ್ತಲಲ್ಲೂ ಅಜ್ಜಿಯ ಹೆಬ್ಬೆರಳು ಆ ಬೊಟ್ಟನ್ನು ಸವರಿ, ಒಂದು ಬೆರಳಗಲ ಮೇಲೆ ಹೋಗಿ ಒತ್ತುತ್ತಿತ್ತು. ಸುಮಾರು ಒಂದು ವರ್ಷ ಹೀಗೇ ನಡೆಯಿತು.

ಒಂದು ಸೆಪ್ಟೆಂಬರಿನಲ್ಲಿ ಆ ಜಾಲತಾಣ ರೂಪ ಬದಲಾಯಿಸಿತು.

ಎರಡು ತಲೆಯ ಚಿತ್ರ ಕೆಳಗಿನ ಸಾಲಿನಿಂದ ಹೋಯಿತು. ಅದು ಮೇಲೆ, ಒಂದು ಮೂಲೆಯಲ್ಲಿ, ಇನ್ನೊಂದು ಗುಂಡಿಯ ಒಳಗೆ ಸೇರಿಕೊಂಡಿತು. ಅದಿದ್ದ ಜಾಗಕ್ಕೆ ವಿಡಿಯೋದ ತ್ರಿಕೋನದ ಚಿತ್ರ ಬಂದು ಕೂತಿತು. ಅಜ್ಜಿ ಎಂದಿನಂತೆ ಬೊಟ್ಟು ಸವರಿ ಒತ್ತಿದರು. ಮಗು ಬರಲಿಲ್ಲ. ಯಾವುದೋ ಊರಿನ ಯಾರೋ ಹುಡುಗರು ಕುಣಿಯುತ್ತಿದ್ದರು.

ಮಗಳಿಗೆ ಫೋನು ಮಾಡಿದರು. ಜಗಲಿಯಲ್ಲಿ ನಾನೂ ಇದ್ದೆ.

“ಮಗ ಬತ್ತಾ ಇಲ್ಲ ಕಣವ್ವ. ಯಾರ್ಯಾರೋ ಕುಣೀತಾವ್ರೆ.”

“ಕೆಳಗಡೆ ಎರಡನೇದು ಒತ್ತಮ್ಮ.”

“ಒತ್ತುದ್ನಲ್ಲ. ಕುಣೀತಾವ್ರೆ.”

“ಎರಡು ತಲೆ ಕಾಣ್ತಾ ಇದ್ಯಾ?”

“ತಲೆನೇ ಇಲ್ಲ ಇಲ್ಲಿ.”

ಮಗಳ ಫೋನಿನಲ್ಲಿ ಇನ್ನೂ ಹಳೆಯ ರೂಪವೇ ಇತ್ತು. ಅವಳಿಗೆ ಅಮ್ಮ ಹೇಳುವುದು ಅರ್ಥವಾಗಲಿಲ್ಲ. ಅಮ್ಮನಿಗೆ ಮಗಳು ಹೇಳುವುದು ಕಾಣಲಿಲ್ಲ. ಹತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಅಜ್ಜಿ ಹೇಳಿದ್ದು ಇಷ್ಟು: “ನಂಗೇ ತಿಳಿಯಾಕಿಲ್ಲ ಬುಡವ್ವ.” ಫೋನನ್ನು ಒಳಗೆ ತೆಗೆದುಕೊಂಡು ಹೋಗಿ ಗೋಡೆಯ ಗೂಡಿನಲ್ಲಿಟ್ಟರು. ಕರೆ ಬಂದರೆ ಮಾತ್ರ ಎತ್ತುತ್ತಿದ್ದರು.

ಕೇಳುಗರೇ, ಆ ಮಾತನ್ನು ನೆನಪಿಟ್ಟುಕೊಳ್ಳಿ. ನಂಗೇ ತಿಳಿಯಾಕಿಲ್ಲ. ಈ ಭಾಷಣ ಬರೆಯಲು ನನ್ನನ್ನು ಕೂರಿಸಿದ್ದೇ ಆ ಮಾತು.

ಈಗ ಸ್ವಲ್ಪ ದೂರ ಹೋಗಿ ಬರೋಣ. ಅಜ್ಜಿಯ ಮನೆಯಲ್ಲಿ ಆದದ್ದು ಒಂದು ಜಾಲತಾಣದ ರೂಪ ಬದಲಾದ ಕತೆ. ಇಂಥದ್ದು ಜಗತ್ತಿನಲ್ಲಿ ಎಷ್ಟೋ ಸಲ ಆಗಿದೆ. ಬಹಳ ಸಲ ಜನ ಸಿಟ್ಟಾಗಿದ್ದಾರೆ. ಕೆಲವು ಸಲ ಕಂಪನಿಗಳು ಬಗ್ಗಿವೆ.

ಎಲ್ಲಕ್ಕಿಂತ ಹೆಸರಾದದ್ದು 2006ರ ಸೆಪ್ಟೆಂಬರಿನದು. ಫೇಸ್‌ಬುಕ್ ಆಗ ಇನ್ನೂ ಚಿಕ್ಕದು. ಬಳಸುತ್ತಿದ್ದವರು ಹೆಚ್ಚುಕಡಿಮೆ 1 ಕೋಟಿ, ಬಹುಪಾಲು ಅಮೆರಿಕದ ಕಾಲೇಜು ಹುಡುಗರು. ಅಲ್ಲಿಯವರೆಗೆ ಗೆಳೆಯರ ಸುದ್ದಿ ಬೇಕಾದರೆ ಒಬ್ಬೊಬ್ಬರ ಪುಟಕ್ಕೂ ಹೋಗಿ ನೋಡಬೇಕಿತ್ತು, ಮನೆಮನೆಗೆ ಹೋಗಿ ಮಾತಾಡಿಸಿದ ಹಾಗೆ. ಒಂದು ದಿನ ಅದು ಬದಲಾಯಿತು. ಪುಟ ತೆರೆದ ಕೂಡಲೇ ಎಲ್ಲರ ಸುದ್ದಿಯೂ ಒಂದರ ಕೆಳಗೊಂದು ಬರತೊಡಗಿತು. ಅದಕ್ಕೆ ನ್ಯೂಸ್ ಫೀಡ್ ಅಂತ ಹೆಸರು. ಅದನ್ನು ಕಟ್ಟಿದ ತಂಡದಲ್ಲಿ ನಮ್ಮ ಪುಣೆಯ ರುಚಿ ಸಾಂಘ್ವಿ ಇದ್ದರು. ಜನ ರೊಚ್ಚಿಗೆದ್ದರು. ಅದನ್ನು ವಿರೋಧಿಸುವ ಗುಂಪೊಂದಕ್ಕೆ ಕೆಲವೇ ದಿನಗಳಲ್ಲಿ ಸುಮಾರು 7 ಲಕ್ಷ ಜನ ಸೇರಿದರು. ಮೂರು ದಿನದೊಳಗೆ ಕಂಪನಿಯ ಒಡೆಯ ಮಾರ್ಕ್ ಜುಕರ್‌ಬರ್ಗ್ ಕ್ಷಮೆ ಕೇಳಿದರು. ಯಾರಿಗೆ ಏನು ಕಾಣಬೇಕು ಅನ್ನುವುದನ್ನು ಹಿಡಿತದಲ್ಲಿಡುವ ದಾರಿ ಮಾಡಿಕೊಟ್ಟರು. ಆದರೆ ಫೀಡನ್ನು ತೆಗೆಯಲಿಲ್ಲ. ಇವತ್ತು ಅದಿಲ್ಲದ ಜಾಲತಾಣವನ್ನು ಊಹಿಸುವುದೇ ಕಷ್ಟ.

ಇದನ್ನು ಹಿಡಿದುಕೊಂಡು ಒಂದು ವಾದ ಹುಟ್ಟಿತು. ಜನ ಮೊದಲು ಬೈಯುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅನ್ನುವ ವಾದ. ಆದರೆ ಎಲ್ಲ ಸಲವೂ ಹಾಗಾಗಿಲ್ಲ. ಸ್ನ್ಯಾಪ್‌ಚಾಟ್ 2018ರ ಆರಂಭದಲ್ಲಿ ಪೂರಾ ರೂಪ ಬದಲಿಸಿತು. ಹಳೆಯದು ವಾಪಸ್ ಕೊಡಿ ಅನ್ನುವ ಮನವಿಗೆ 12 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ದಿನವೂ ಬಳಸುವವರು ಸುಮಾರು 30 ಲಕ್ಷ ಕಡಿಮೆಯಾದರು. ಕಂಪನಿ ಕೆಲವನ್ನು ಹಿಂದಿನ ಜಾಗಕ್ಕೇ ತಂದಿಟ್ಟಿತು. 2022ರಲ್ಲಿ ಇನ್‌ಸ್ಟಾಗ್ರಾಂ ತೆರೆಯ ತುಂಬ ವಿಡಿಯೋ ತುಂಬುವ ರೂಪವನ್ನು ಪರೀಕ್ಷೆಗೆ ಬಿಟ್ಟಿತು. ಜುಲೈನಲ್ಲಿ ಕೋಟಿಗಟ್ಟಲೆ ಹಿಂಬಾಲಕರಿದ್ದ ತಾರೆಯರೇ ಬೇಡ ಅಂದರು. ಆ ತಿಂಗಳು ಮುಗಿಯುವುದರೊಳಗೆ ಕಂಪನಿ ಹಿಂದೆ ಸರಿಯಿತು. ವಾಟ್ಸ್‌ಆ್ಯಪ್‌ನದೂ ಒಂದು ಕತೆ ಇದೆ. 2017ರ ಫೆಬ್ರವರಿಯಲ್ಲಿ ಹೆಸರಿನ ಕೆಳಗೆ ಒಂದು ಸಾಲು ಬರೆದಿಡುವ ಹಳೆಯ ಸ್ಟೇಟಸ್ ಹೋಗಿ, ಒಂದು ದಿನಕ್ಕೆ ಮಾಯವಾಗುವ ಚಿತ್ರದ ಸ್ಟೇಟಸ್ ಬಂತು. ಜನ ಗಲಾಟೆ ಮಾಡಿದರು. ಮುಂದಿನ ತಿಂಗಳೇ ಆ ಒಂದು ಸಾಲು ಹಿಂದಕ್ಕೆ ಬಂತು.

ಅಂದರೆ ಕೂಗಿದರೆ ಕೇಳುತ್ತಾರೆ. ಕೂಗುವುದಕ್ಕೆ ಏನು ಬೇಕು? ಬರೆಯಲು ಬರಬೇಕು. ಎಲ್ಲಿ ಬರೆಯಬೇಕು ಅಂತ ಗೊತ್ತಿರಬೇಕು. ಎಲ್ಲಕ್ಕಿಂತ ಮೊದಲು, ತಪ್ಪು ನನ್ನದಲ್ಲ, ಅವರದು ಅನ್ನುವ ಧೈರ್ಯ ಬೇಕು. ಅಜ್ಜಿಯ ಬಳಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಅವರು ಯಾರ ಮೇಲೂ ಸಿಟ್ಟಾಗಲಿಲ್ಲ. ತಮ್ಮನ್ನೇ ಹಳಿದುಕೊಂಡರು. ಫೋನು ಗೂಡು ಸೇರಿತು. ಅದನ್ನು ಎಲ್ಲಿಯೂ ಯಾರೂ ಲೆಕ್ಕ ಇಡಲಿಲ್ಲ. ಕಂಪನಿಯ ಲೆಕ್ಕದಲ್ಲಿ ಅಜ್ಜಿಯದು ದೂರಿಲ್ಲದ ಫೋನು.

ಇಲ್ಲಿವರೆಗೆ ಎರಡು ವಿಷಯ ಹೇಳಿದೆ. ಒಂದು, ಕೊಪ್ಪದ ಅಜ್ಜಿಯ ಬೊಟ್ಟು ಜಾಗ ತಪ್ಪಿದ ಕತೆ. ಇನ್ನೊಂದು, ಬರೆಯಬಲ್ಲವರ ಸಿಟ್ಟು ಕಂಪನಿಗಳನ್ನು ಬಗ್ಗಿಸಿದ ಕತೆ. ಇನ್ನು ಮುಂದಿನ ಪ್ರಶ್ನೆ. ಒಂದು ಚಿತ್ರ ಕೆಳಗಿನಿಂದ ಮೇಲಕ್ಕೆ ಜರುಗಿದರೆ ಇಷ್ಟೊಂದು ಕಷ್ಟ ಯಾಕೆ ಆಗಬೇಕು?

ನನ್ನ ಉತ್ತರ ಇದು. ಓದಲು ಬಾರದವರಿಗೆ ಜಾಗವೇ ಅಕ್ಷರ. ಬಣ್ಣವೇ ಅಕ್ಷರ. ಓದು ಬಂದವರಿಗೆ ಗುಂಡಿ ಎಲ್ಲಿಗೆ ಹೋದರೂ ಅದರ ಮೇಲಿನ ಹೆಸರು ಓದಿ ಹುಡುಕಬಹುದು. ಬಾರದವರಿಗೆ ಅದು ಇದ್ದ ಜಾಗವೇ ಅದರ ಹೆಸರು. ಆ ಜಾಗವನ್ನು ಹೇಳದೆ ಕೇಳದೆ ಬದಲಿಸಿದರೆ, ಅವರು ಕಷ್ಟಪಟ್ಟು ಕಲಿತ ಒಂದು ಅಕ್ಷರವನ್ನು ಅಳಿಸಿದ ಹಾಗೆ.

ಇದು ನಮ್ಮ ದಿನದ ಬಾಳಿನಲ್ಲೇ ಇದೆ. ಅಂಗಡಿಗೆ ಹೋಗಿ ನಂದಿನಿ ಹಾಲು ಕೇಳುವಾಗ ನಾವು ಕೊಬ್ಬಿನ ಪ್ರಮಾಣ ಕೇಳುತ್ತೇವೆಯೇ? ನೀಲಿ ಪ್ಯಾಕೆಟ್ ಕೊಡಿ ಅನ್ನುತ್ತೇವೆ, ಕಿತ್ತಳೆ ಪ್ಯಾಕೆಟ್ ಕೊಡಿ ಅನ್ನುತ್ತೇವೆ. ಎಂ.ಎ. ಓದಿದವರೂ ಹಾಗೇ ಕೇಳುವುದು. ಕೆಂಪು ಬಸ್ಸು ಅಂದರೆ ಸಾಕು, ಎಲ್ಲ ಊರಲ್ಲೂ ನಿಲ್ಲುವ ಬಸ್ಸು ಅಂತ ಗೊತ್ತಾಗುತ್ತದೆ. ಕತ್ತಲಲ್ಲಿ ಕರೆಂಟು ಹೋದಾಗ ಒಗ್ಗರಣೆ ಡಬ್ಬದಲ್ಲಿ ಸಾಸಿವೆ ಎಲ್ಲಿದೆ, ಜೀರಿಗೆ ಎಲ್ಲಿದೆ ಅಂತ ಕೈಗೇ ಗೊತ್ತು.

ಈ ದೇಶವನ್ನು ಕಟ್ಟಿದವರಿಗೆ ಈ ಮಾತು ಚೆನ್ನಾಗಿ ತಿಳಿದಿತ್ತು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯನ್ನು ನೆನೆಸಿಕೊಳ್ಳಿ. ಮತದಾರರು ಸುಮಾರು 17 ಕೋಟಿ. ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನಕ್ಕೆ ಓದು ಬರುತ್ತಿರಲಿಲ್ಲ. ಓದು ಕಲಿತು ಬನ್ನಿ, ಆಮೇಲೆ ಮತ ಹಾಕಿ ಅಂತ ಯಾರೂ ಹೇಳಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯ ಮೇಲೆ ಎತ್ತು, ಗುಡಿಸಲು, ಮರ ಅಂತ ಜನಕ್ಕೆ ಗೊತ್ತಿದ್ದ ಚಿತ್ರ ಅಂಟಿಸಿದರು. ಚಿತ್ರ ನೋಡಿ, ಚೀಟಿ ಹಾಕಿ ಅಂದರು. ಆಮೇಲೆ ಚಿತ್ರ ಬದಲಾದದ್ದೂ ಉಂಟು. ಕಾಂಗ್ರೆಸ್ಸಿನದು ಜೋಡೆತ್ತು ಇತ್ತು. ಅದು ಹೋಗಿ ಹಸು ಕರು ಬಂತು. 1978ರಲ್ಲಿ ಇಂದಿರಾ ಗಾಂಧಿ ಕಾಂಗ್ರೆಸ್ಸಿನದು ಹಸ್ತ ಆಯಿತು. ಅದೇ ವರ್ಷ ಅವರು ನಮ್ಮ ಚಿಕ್ಕಮಗಳೂರಿನಿಂದ ಉಪಚುನಾವಣೆ ಗೆದ್ದರು. ಗುರುತು ಬದಲಾದ ಪಕ್ಷ ಅಂಗೈ ಎತ್ತಿ ತೋರಿಸಿಯೇ ಮತ ಕೇಳಬೇಕು, ಗೋಡೆಗೋಡೆಗೂ ಬರೆಸಬೇಕು. ಹೊಸ ಗುರುತನ್ನು ಜನಕ್ಕೆ ಮುಟ್ಟಿಸುವುದು ಪಕ್ಷದ ಹೊಣೆ. ಮತದಾರ ತಾನಾಗಿ ಹುಡುಕಿಕೊಳ್ಳಲಿ ಅಂತ ಬಿಟ್ಟರೆ ಠೇವಣಿ ಉಳಿಯುವುದಿಲ್ಲ.

ಜಾಲತಾಣದವರಿಗೆ ಆ ಹೊಣೆ ಯಾಕಿಲ್ಲ?

2011ರ ಜನಗಣತಿಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 68 ಮಂದಿ ಓದು ಬಲ್ಲವರು. ಇದನ್ನು ತಿರುಗಿಸಿ ಹೇಳಿದರೆ, ಮೂವರಲ್ಲಿ ಒಬ್ಬರಿಗೆ ಓದು ಬರುತ್ತಿರಲಿಲ್ಲ. ಆ ಒಬ್ಬರ ಕೈಗೂ ಈಗ ಫೋನು ಬಂದಿದೆ. ಅವರು ಫೋನನ್ನು ಓದುವುದಿಲ್ಲ. ನೆನಪಿಟ್ಟುಕೊಳ್ಳುತ್ತಾರೆ.

ಅವರಿಗೆ ತಿಳಿಯುವುದಿಲ್ಲ ಅನ್ನುವವರು ಒಮ್ಮೆ ನಮ್ಮ ಕಡೆ ಬರಬೇಕು. ಸೆಪ್ಟೆಂಬರ್ ಅಂದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಕಾಲ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಮನೆಯಲ್ಲಿ, ಬೇಯಿಸಿದ ಸೊಪ್ಪನ್ನು ಮನೆಯೊಳಗೆ ರಾಶಿ ಹಾಕಿಕೊಂಡು ಹೆಂಗಸರು ಕೂರುತ್ತಾರೆ. ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ನಿಂಬೆಯ ಹಳದಿ ಒಂದು ಕಡೆ. ಕಿತ್ತಳೆಯ ಛಾಯೆ ಬಂದದ್ದು ಇನ್ನೊಂದು ಕಡೆ. ಅಂಚು ಕಂದಿದ್ದು, ಹಸಿರು ಉಳಿದದ್ದು, ಚುಕ್ಕಿ ಬಿದ್ದದ್ದು, ಎಲ್ಲ ಬೇರೆ ಬೇರೆ. ಬ್ರೈಟು, ಮೀಡಿಯಂ, ಲೋ ಅಂತ ಹರಾಜಿನಲ್ಲಿ ಬೆಲೆ ಕಟ್ಟುವುದು ಈ ಬಣ್ಣದ ಮೇಲೆ. ಕೆಲಸಕ್ಕೆ ಹೊಸಬರನ್ನು ಕೂರಿಸಿದರೆ ಬೇಲು, ಅಂದರೆ ಸೊಪ್ಪಿನ ಮೂಟೆ, ಕೆಡುತ್ತದೆ. ನಮ್ಮ ಅಜ್ಜಿ ಈ ಕೆಲಸದಲ್ಲಿ ಊರಿಗೇ ಹೆಸರಾದವರು. ಎಲೆಯನ್ನು ಎರಡು ಬೆರಳಲ್ಲಿ ತಿಕ್ಕಿ ಹದ ಹೇಳುತ್ತಾರೆ. ಹಳದಿಯಲ್ಲಿ ಎಷ್ಟು ಬಗೆ ಇದೆ ಅಂತ ನಾನು ಕಲಿತದ್ದು ಅವರಿಂದ. ಅಂಥ ಕಣ್ಣು, ಅಂಥ ಬೆರಳು. ಅವರು ಒಂದು ಗುಂಡಿ ಸಿಗಲಿಲ್ಲ ಅಂತ ‘ನಂಗೇ ತಿಳಿಯಾಕಿಲ್ಲ’ ಅಂದರು. ನನಗೆ ಅದನ್ನು ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ.

ಜಾಗವೇ ಅಕ್ಷರ ಅಂದೆ. ಅದನ್ನು ಅಳಿಸಿದರೆ ತಪ್ಪು ತಮ್ಮದೇ ಅಂತ ಜನ ಅಂದುಕೊಳ್ಳುತ್ತಾರೆ ಅಂದೆ. ಹಾಗಾದರೆ ಕಂಪನಿಗಳು ಯಾಕೆ ಹೀಗೆ ಬದಲಿಸುತ್ತಲೇ ಇರುತ್ತವೆ?

ಎಲ್ಲ ಬದಲಾವಣೆಯೂ ಕೆಟ್ಟದ್ದಲ್ಲ. ಫೋನು ದೊಡ್ಡದಾದಾಗ ಹೆಬ್ಬೆರಳಿಗೆ ಎಟುಕಲಿ ಅಂತ ಮೇಲಿನ ಗುಂಡಿಗಳನ್ನು ಕೆಳಗೆ ತರುತ್ತಾರೆ. ಅದು ಒಳ್ಳೆಯದೇ. ಹೊಸ ಸೌಲಭ್ಯ ಬಂದರೆ ಅದಕ್ಕೊಂದು ಜಾಗ ಬೇಕು. ಅದೂ ಸರಿ. ಆದರೆ ಎಷ್ಟೋ ಬದಲಾವಣೆಯ ಹಿಂದಿರುವುದು ಬೇರೆ ಲೆಕ್ಕ. ಜಾಲತಾಣಕ್ಕೆ ದುಡ್ಡು ಬರುವುದು ಜಾಹೀರಾತಿನಿಂದ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು. ಅಜ್ಜಿಯಂಥವರು ಮೊಮ್ಮಗುವನ್ನು ನೋಡಿ ಫೋನು ಮುಚ್ಚಿಬಿಡುತ್ತಾರೆ. ಗುರುತಿಲ್ಲದವರ ವಿಡಿಯೋಗಳಿಗೆ ಕೊನೆ ಇಲ್ಲ. ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಹೀಗಾಗಿ ಬೆರಳಿಗೆ ಸುಲಭವಾಗಿ ಸಿಗುವ ಜಾಗ ಅಪರಿಚಿತರಿಗೆ. ಮೂಲೆ ನಮ್ಮವರಿಗೆ.

ಇನ್ನೊಂದು ಸಂಗತಿ. ಮಗಳ ಫೋನಿನಲ್ಲಿ ಹಳೆಯ ರೂಪ, ಅಮ್ಮನ ಫೋನಿನಲ್ಲಿ ಹೊಸದು ಯಾಕೆ ಇತ್ತು? ಕಂಪನಿಗಳು ಹೊಸ ರೂಪವನ್ನು ಎಲ್ಲರಿಗೂ ಒಟ್ಟಿಗೆ ಕೊಡುವುದಿಲ್ಲ. ಕೆಲವರಿಗೆ ಕೊಡುತ್ತಾರೆ, ಕೆಲವರಿಗೆ ಕೊಡುವುದಿಲ್ಲ. ಎರಡು ಗುಂಪನ್ನೂ ಹೋಲಿಸುತ್ತಾರೆ. ಯಾರು ಎಷ್ಟು ಹೊತ್ತು ನೋಡಿದರು, ಎಲ್ಲಿ ಒತ್ತಿದರು ಅಂತ ಅಳೆಯುತ್ತಾರೆ. ನಾವು ಆ್ಯಪನ್ನು ಹೊಸದು ಮಾಡಿಕೊಳ್ಳದಿದ್ದರೂ ದೂರದಲ್ಲಿ ಕೂತು ಒಂದು ಸ್ವಿಚ್ಚು ಹಾಕಿ ರೂಪ ಬದಲಿಸಬಹುದು. ಎಂಜಿನಿಯರುಗಳಿಗೆ ಇದು ಒಳ್ಳೆಯ ಪದ್ಧತಿ. ಆದರೆ ನಮ್ಮ ಮನೆಗಳಲ್ಲಿ ಫೋನು ಕಲಿಯುವುದು ಒಬ್ಬರಿಂದ ಒಬ್ಬರು ಕೇಳಿ. ಮಗಳು ಅಮ್ಮನಿಗೆ ಹೇಳುತ್ತಾಳೆ. ಪಕ್ಕದ ಮನೆಯವಳು ಹೇಳುತ್ತಾಳೆ. ಇಬ್ಬರ ಫೋನೂ ಬೇರೆ ಬೇರೆ ಆದರೆ ಆ ಪಾಠವೇ ನಿಂತುಹೋಗುತ್ತದೆ. ಇನ್ನು ಆ ಅಳತೆ. ಅಜ್ಜಿ ಬೊಟ್ಟಿನ ಮೇಲೆ ಒತ್ತಿ ಒತ್ತಿ ನೋಡಿದರಲ್ಲ, ಕುಣಿತದ ವಿಡಿಯೋ ಇಪ್ಪತ್ತು ಸಲ ತೆರೆಯಿತಲ್ಲ, ಅದು ಅಲ್ಲಿ ಹೇಗೆ ಕಂಡಿರಬೇಕು? ಇವರಿಗೆ ಕುಣಿತ ಬಹಳ ಇಷ್ಟ ಅಂತ ಕಂಡಿರಬೇಕು.

ನಮ್ಮ ಪಕ್ಕದ ಬೈಲಕುಪ್ಪೆಯ ಒಂದು ಮಾತನ್ನೂ ಇಲ್ಲಿ ಹೇಳಬೇಕು. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟಿನ ಜನ ನೆಲೆಸಿದ್ದಾರೆ. ಟಿಬೆಟಿನಲ್ಲೇ ಉಳಿದ ಬಂಧುಗಳ ಜೊತೆ ಮಾತಾಡಲು ನೆಲೆತಪ್ಪಿ ಬಂದ ಟಿಬೆಟನ್ನರು ವೀಚಾಟ್ ಅನ್ನುವ ಚೀನೀ ಆ್ಯಪನ್ನು ಬಳಸುತ್ತಿದ್ದರು. 2020ರ ಜೂನ್ ಕೊನೆಯಲ್ಲಿ ಭಾರತ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಜೊತೆ ವೀಚಾಟ್ ಕೂಡ ಹೋಯಿತು. ಅದು ದೇಶದ ಭದ್ರತೆಯ ಕಾರಣಕ್ಕೆ ಆದದ್ದು, ಅದರ ಚರ್ಚೆ ಬೇರೆ. ಆದರೆ ಬಾಗಿಲು ಮುಚ್ಚಿದಾಗ ಮನೆಯವರ ದನಿ ತಪ್ಪಿಹೋಯಿತು ಅಂತ ಪತ್ರಿಕೆಗಳು ಬರೆದವು, ಜನಕ್ಕೆ ತಿಳಿಯಿತು. ಬಾಗಿಲನ್ನು ಒಂದು ಮೂಲೆಗೆ ಜರುಗಿಸಿದರೆ ಯಾರೂ ಬರೆಯುವುದಿಲ್ಲ. ಬಾಗಿಲು ಇದೆಯಲ್ಲ ಅನ್ನುತ್ತಾರೆ.

ಕಣ್ಣು ಕಾಣದ ಕೇಳುಗರು ಅನೇಕರು ನನ್ನ ಮಾತನ್ನು ಈಗ ಕೇಳುತ್ತಿರುತ್ತೀರಿ. ರೇಡಿಯೋ ನಿಮ್ಮ ಹಳೆಯ ಗೆಳೆಯ. ಈ ಕಷ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಫೋನಿನಲ್ಲಿ ಗುಂಡಿಗಳ ಹೆಸರನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಇದೆ. ಹೊಸ ರೂಪ ಬಂದಾಗ ಕೆಲವು ಸಲ ಗುಂಡಿಗೆ ಹೆಸರು ಬರೆಯುವುದನ್ನೇ ಮರೆತಿರುತ್ತಾರೆ. ಆಗ ಫೋನು ಬರೀ ‘ಬಟನ್, ಬಟನ್’ ಅನ್ನುತ್ತದೆ. ಯಾವ ಬಟನ್? ಗೊತ್ತಿಲ್ಲ.

ರೂಪ ಬದಲಿಸುವುದು ಯಾಕೆ ಅಂತ ನೋಡಿದೆವು. ಅದರ ಪೆಟ್ಟು ಯಾರಿಗೆ ಬೀಳುತ್ತದೆ ಅಂತಲೂ ನೋಡಿದೆವು. ಪೆಟ್ಟು ಬೀಳದ ಹಾಗೆ ಬದಲಿಸಬಹುದೇ? ಬದಲಿಸಬಹುದು. ಬದಲಿಸಿದ್ದಾರೆ ಕೂಡ.

ನಿಮ್ಮ ಕಿಸೆಯಲ್ಲಿರುವ ನೋಟು ತೆಗೆಯಿರಿ. 2017ರಿಂದ 2019ರ ಒಳಗೆ ಹತ್ತು, ಇಪ್ಪತ್ತು, ಐವತ್ತು, ನೂರು, ನಾಲ್ಕೂ ನೋಟುಗಳ ಬಣ್ಣ, ಅಳತೆ ಬದಲಾದವು. ನೂರು ರೂಪಾಯಿ ತಿಳಿ ನೇರಳೆ ಆಯಿತು. ಸಂತೆಯಲ್ಲಿ ಸ್ವಲ್ಪ ದಿನ ಗೊಂದಲ ಆಯಿತು. ಆದರೆ ಈ ನಾಲ್ಕರಲ್ಲಿ ಹಳೆಯ ನೋಟು ಸತ್ತುಹೋಗಲಿಲ್ಲ. ಹಳೆಯದೂ ಹೊಸದೂ ಒಂದೇ ಸಂಚಿಯಲ್ಲಿ ಓಡಾಡಿದವು. ಜನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಕಲಿತರು. ಕಣ್ಣು ಕಾಣದವರಿಗೆ ನೋಟಿನ ಬೆಲೆಯನ್ನು ಹೇಳುವ ‘ಮಣಿ’ ಅನ್ನುವ ಆ್ಯಪನ್ನು 2020ರಲ್ಲಿ ರಿಸರ್ವ್ ಬ್ಯಾಂಕ್ ತಂದಿತು. ಇನ್ನು ಜಾಲತಾಣಗಳಲ್ಲಿ ನೋಡಿ. ರೆಡ್ಡಿಟ್ 2018ರಲ್ಲಿ ಹೊಸ ರೂಪ ತಂದಿತು. ಹಳೆಯ ರೂಪವನ್ನೂ ಬೇರೆ ವಿಳಾಸದಲ್ಲಿ ಹಾಗೇ ಉಳಿಸಿತು. ವಿಕಿಪೀಡಿಯ 2023ರ ಜನವರಿಯಲ್ಲಿ ಇಂಗ್ಲಿಷ್ ಓದುಗರಿಗೆ ಹೊಸ ರೂಪ ಕೊಟ್ಟಾಗ ಅದರ ಹಿಂದೆ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಖಾತೆ ಇದ್ದವರು ಬೇಕಾದರೆ ಹಳೆಯ ರೂಪಕ್ಕೆ ಹಿಂತಿರುಗಬಹುದಿತ್ತು. ಮಾಡಲು ಮನಸ್ಸಿದ್ದರೆ ದಾರಿ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ಬದಲಿಸುವ ಮೊದಲು ತಿಳಿಸಿ. ಬರೆದು ತಿಳಿಸಿದರೆ ಸಾಲದು, ಮಾತಾಡಿ ತಿಳಿಸಿ. ಕನ್ನಡದಲ್ಲಿ ತಿಳಿಸಿ. ಫೋನಿಗೆ ಮಾತು ಬರುತ್ತದಲ್ಲ, ಜಾಹೀರಾತನ್ನು ಕನ್ನಡದಲ್ಲೇ ಕೂಗಿ ಹೇಳುತ್ತದಲ್ಲ. ಅದೇ ಬಾಯಲ್ಲಿ, ‘ಮನೆಯ ಪಕ್ಕ ಇದ್ದ ಎರಡು ತಲೆ ಇನ್ನು ಮುಂದೆ ಮೇಲಿನ ಬಲಗಡೆ ಮೂಲೆಯಲ್ಲಿರುತ್ತದೆ’ ಅಂತ ಒಂದು ವಾಕ್ಯ ಹೇಳಿದರೆ ಆಗಿತ್ತು. ಕೆಲವು ತಿಂಗಳು ಹಳೆಯ ದಾರಿಯೂ ತೆರೆದಿರಲಿ. ಹಿಂದಕ್ಕೆ ಹೋಗುವ ಒಂದು ಗುಂಡಿ ಕಣ್ಣಿಗೆ ಬೀಳುವ ಕಡೆ ಇರಲಿ.

ಕನ್ನಡಕ್ಕೆ ಮೊದಲ ಜಾಗ ಕೊಡುವುದು ಆಗದ ಕೆಲಸವೇನೂ ಅಲ್ಲ. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೂ ಅನ್ನುವ ಜಾಲತಾಣ ಮೊದಲು ಮಾತಾಡಿದ್ದೇ ಕನ್ನಡದಲ್ಲಿ. ಹಳದಿ ಹಕ್ಕಿ ಅದರ ಗುರುತು. ದುಡ್ಡಿನ ಬೆಂಬಲ ಸಿಗದೆ 2024ರ ಜುಲೈನಲ್ಲಿ ಅದು ನಿಂತುಹೋಯಿತು. ನಿಂತದ್ದು ನನಗೆ ನೋವಿನ ವಿಷಯ. ಆದರೆ ನಾಲ್ಕು ವರ್ಷ ಅದು ಇತ್ತು ಅನ್ನುವುದು ಸುಳ್ಳಾಗುವುದಿಲ್ಲ.

ಮೈಸೂರಿನ ಕೇಳುಗರಿಗೆ ಇನ್ನೊಂದು ನೆನಪು. 1935ರಲ್ಲಿ ಈ ಊರಿನಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಮನುಷ್ಯನ ಮನಸ್ಸನ್ನು ಓದಿದವರೊಬ್ಬರು ಓದಲು ಬಾರದವರ ಕಿವಿಗೂ ತಲುಪುವ ಯಂತ್ರವನ್ನು ಕೈಗೆತ್ತಿಕೊಂಡರು ಅನ್ನುವುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ. ಇವತ್ತು ಫೋನಿನ ರೂಪ ಬರೆಯುವ ಮಕ್ಕಳಲ್ಲಿ ನಮ್ಮವರೂ ಬಹಳ ಜನ ಇದ್ದಾರೆ. ಬೆಂಗಳೂರಿನಲ್ಲಿ ಕೂತು ಜಗತ್ತಿನ ಆ್ಯಪ್‌ಗಳನ್ನು ಕಟ್ಟುತ್ತಾರೆ. ಅವರಲ್ಲಿ ಯಾರಾದರೂ ಇದನ್ನು ಕೇಳುತ್ತಿದ್ದರೆ, ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಯ ಫೋನನ್ನು ಕೈಗೆ ತೆಗೆದುಕೊಳ್ಳಬೇಡಿ. ಅವರ ಕೈಯಲ್ಲೇ ಇರಲಿ. ಅವರ ಬೆರಳು ಎಲ್ಲೆಲ್ಲಿ ಹೋಗುತ್ತದೆ ಅಂತ ಪಕ್ಕದಲ್ಲಿ ಕೂತು ನೋಡಿ.

ನಮ್ಮ ಅಜ್ಜಿಯ ಕತೆಗೆ ಬರುತ್ತೇನೆ. ಫೋನು ಎಂಟು ದಿನ ಗೂಡಿನಲ್ಲಿತ್ತು. ಒಂಬತ್ತನೆಯ ದಿನ ಭಾನುವಾರ. ಪಕ್ಕದ ಮನೆಯ ಹುಡುಗಿ ಬಂದಳು. ಅಜ್ಜಿ ಸೊಪ್ಪು ವಿಂಗಡಿಸುತ್ತ ಕೂತಿದ್ದರು. ಅವಳು ಫೋನು ತೆಗೆದು ಅಲ್ಲಿ ಇಲ್ಲಿ ಒತ್ತಿ ನೋಡಿದಳು. ಅವಳಿಗೂ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಮೇಲಿನ ಮೂಲೆಯೊಳಗೆ ಎರಡು ತಲೆ ಸಿಕ್ಕವು. “ಇಲ್ಲವ್ರೆ ಕಣಜ್ಜಿ” ಅಂದಳು.

ಕೆಳಗಿನ ಅಂಚಿನ ಬೊಟ್ಟನ್ನು ಉಗುರಿನಿಂದ ಎಬ್ಬಿಸಿದಳು. ಅಂಟು ಒಣಗಿತ್ತು, ಹಿಡಿಯಲಿಲ್ಲ. ತನ್ನ ಹಣೆಯದನ್ನು ತೆಗೆದು ಮೇಲಿನ ಬಲಮೂಲೆಗೆ ಅಂಟಿಸಿದಳು. ಈಗ ಎರಡು ಸಲ ಒತ್ತಬೇಕು, ಬೊಟ್ಟಿನ ಹತ್ತಿರ ಒಂದು ಸಲ, ಅದರ ಕೆಳಗೆ ಇನ್ನೊಂದು ಸಲ ಅಂತ ಹೇಳಿಕೊಟ್ಟಳು. ಅಜ್ಜಿ ಕೈ ಒರೆಸಿಕೊಂಡು ಫೋನು ಹಿಡಿದರು. ಹೊಗೆಸೊಪ್ಪಿನ ಅಂಟಿನಿಂದ ಅವರ ಬೆರಳ ತುದಿ ಕಪ್ಪಾಗಿತ್ತು. ಗಾಜು ಆ ಬೆರಳನ್ನು ಮೊದಲ ಸಲಕ್ಕೆ ಗುರುತಿಸಲಿಲ್ಲ. ಎರಡನೆಯ ಸಲಕ್ಕೆ ಗುರುತಿಸಿತು.

ಆ ಎಂಟು ದಿನದಲ್ಲಿ ಮಗಳು ನಾಲ್ಕು ವಿಡಿಯೋ ಹಾಕಿದ್ದಳು. ಮಗು ಚಪ್ಪಲಿ ಬದಲಿಸಿ ಹಾಕಿಕೊಂಡು ಓಡುತ್ತಿತ್ತು. ಅಜ್ಜಿ ನಾಲ್ಕನ್ನೂ ನೋಡಿದರು, ಮತ್ತೆ ಮೊದಲಿನಿಂದ ನೋಡಿದರು. ಕೆಳಗಿನ ಅಂಚಿನಲ್ಲಿ ಬೊಟ್ಟು ಇದ್ದ ಕಡೆ ಅಂಟಿನ ಗುಂಡನೆಯ ಗುರುತು ಉಳಿದಿತ್ತು. ನೋಡುತ್ತಿರುವಷ್ಟು ಹೊತ್ತೂ ಅವರ ಹೆಬ್ಬೆರಳು ಅದನ್ನೇ ಸವರುತ್ತಿತ್ತು.